ಬಡ್ಡಿ ದರದ ಲೆಕ್ಕದಲ್ಲಿ ಟೊಮೆಟೊಗೆ ಏನು ಕೆಲಸ?

ರಿಸರ್ವ್ ಬ್ಯಾಂಕ್ ಬಡ್ಡಿ ದರ ಗೊತ್ತುಮಾಡುವುದು ಚಿಲ್ಲರೆ ಹಣದುಬ್ಬರ, ಅಂದರೆ ಜನ ಕೊಳ್ಳುವ ಸಾಮಾನಿನ ಬೆಲೆ ವರ್ಷದಲ್ಲಿ ಎಷ್ಟು ಏರಿತು ಎಂಬುದನ್ನು ನೋಡಿಕೊಂಡು. ಅದು ಶೇ 4ರ ಹತ್ತಿರ ಇರಬೇಕು, ಹೆಚ್ಚೆಂದರೆ ಎರಡು ಅಂಶ ಅತ್ತ ಇತ್ತ. ಈ ಗುರಿಯಿಂದ ಆಹಾರದ ಬೆಲೆಯನ್ನು ಕೈಬಿಟ್ಟರೆ ಹೇಗೆ ಎಂಬ ಮಾತನ್ನು 2024ರ ಜುಲೈನಲ್ಲಿ ಬಂದ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಎತ್ತಿತು. ಬಿಡಬೇಕೇ?

ಪರ: ಸಾಲ ಮಾಡಿ ಸಾರು ಮಾಡುವವರು ಯಾರು?

2023ರ ಜುಲೈ ನೆನಪಿದೆಯಾ? ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆ ತಿಂಗಳು ದೇಶದ ಹಣದುಬ್ಬರ ಶೇ 7.44ಕ್ಕೆ ಜಿಗಿಯಿತು. ಹಾಗಂತ ಜನರ ಕೈಲಿ ದುಡ್ಡು ಜಾಸ್ತಿಯಾಗಿ ಟೊಮೆಟೊ ಹಿಂದೆ ಬಿದ್ದಿರಲಿಲ್ಲ. ಬೆಳೆ ಕೈಕೊಟ್ಟಿತ್ತು, ಅಷ್ಟೇ.

ಬಡ್ಡಿ ಏರಿದರೆ ಸಾಲ ತುಟ್ಟಿ. ಬೈಕು, ಫ್ರಿಜ್ಜು, ಸೈಟು ಕೊಳ್ಳುವವರು ‘ಆಮೇಲೆ ನೋಡೋಣ’ ಅನ್ನುತ್ತಾರೆ, ಬೆಲೆ ತಣ್ಣಗಾಗುತ್ತದೆ. ಸಾರಿನ ವಿಷಯದಲ್ಲಿ ಇದು ನಡೆಯಲ್ಲ. ಬಡ್ಡಿ ಏರಿಸಿದರೆ ಗಿಡ ಕಾಯಿ ಬಿಡುತ್ತದೆಯೇ? ಬಡ್ಡಿಯ ಬಿಸಿ ಜನರಿಗೆ ತಟ್ಟುವಷ್ಟರಲ್ಲಿ ಹೊಸ ಬೆಳೆ ಬಂದು, ಅದೇ ಟೊಮೆಟೊವನ್ನು ರಸ್ತೆಗೆ ಸುರಿಯುವ ಕಾಲ ಬಂದಿರುತ್ತದೆ.

ಪೆಟ್ಟು ಬಿದ್ದಿದ್ದು ನಮ್ಮಂಥವರಿಗೆ. 2023ರ ಫೆಬ್ರುವರಿಯಲ್ಲಿ ಶೇ 6.5 ಮುಟ್ಟಿದ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಎರಡು ವರ್ಷ ಕದಲಲಿಲ್ಲ. ನನ್ನ ಮನೆ ಸಾಲದ ಕಂತು ಅಷ್ಟೇ ಇತ್ತು, ಕಟ್ಟಬೇಕಾದ ವರ್ಷಗಳು ಮಾತ್ರ ಸದ್ದಿಲ್ಲದೆ ಬೆಳೆದಿದ್ದವು.

ವಿರೋಧ: ಆಹಾರ ಅಂದರೆ ಟೊಮೆಟೊ ಒಂದೇ ಅಲ್ಲ

ಟೊಮೆಟೊ ಉದಾಹರಣೆ ಚೆನ್ನಾಗಿದೆ, ಆದರೆ ಅದು ಸ್ವಲ್ಪ ಮೋಸದ ಉದಾಹರಣೆ. ಹಣದುಬ್ಬರ ಅಳೆಯುವ ಬೆಲೆ ಸೂಚ್ಯಂಕದ 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯದ ತೂಕ, ಅಂದರೆ ಲೆಕ್ಕದಲ್ಲಿ ಅದಕ್ಕೆ ಕೊಟ್ಟ ಪಾಲು, ಶೇ 45.86 ಇತ್ತು. ಅದರಲ್ಲಿ ಎಲ್ಲಾ ತರಕಾರಿ ಸೇರಿ ಶೇ 6 ಮಾತ್ರ. ಉಳಿದದ್ದು ಅಕ್ಕಿ, ಹಾಲು, ಬೇಳೆ, ಎಣ್ಣೆ, ಮೀನು, ಮಾಂಸದಂಥವು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ, ಅದು ಟೊಮೆಟೊ ಥರ ಎರಡು ತಿಂಗಳಲ್ಲಿ ಇಳಿಯುವ ಬೆಲೆ ಅಲ್ಲ. ಹಳ್ಳಿಯ ಸೂಚ್ಯಂಕದಲ್ಲಂತೂ ಆಹಾರದ ಪಾಲು ಅರ್ಧಕ್ಕಿಂತ ಜಾಸ್ತಿ, ಶೇ 54. ಅದನ್ನು ಬಿಟ್ಟು ಅಳೆದ ಬೆಲೆಯೇರಿಕೆ ಯಾರ ಮನೆಯದು?

ತೂಕ ಹಳೆಯದಾಯಿತು ಅನ್ನುವುದು ಬೇರೆ ಮಾತು. ಆ ತೂಕಗಳು 2011–12ರ ಮನೆಖರ್ಚಿನ ಸಮೀಕ್ಷೆಯವು, ಜನರ ಖರ್ಚು ಆಮೇಲೆ ಬದಲಾಗಿದೆ, ಒಪ್ಪಿದೆ. ಹಾಗಿದ್ದರೆ ತೂಕ ತಿದ್ದಬೇಕು. 2024 ಮೂಲ ವರ್ಷದ ಹೊಸ ಸರಣಿಯಲ್ಲಿ ತಿದ್ದಿದ್ದಾರೆ ಕೂಡ, ಆಹಾರದ ಪಾಲು ಶೇ 37ರ ಆಸುಪಾಸಿಗೆ ಇಳಿದಿದೆ. ತಕ್ಕಡಿ ಸರಿಯಿಲ್ಲ ಅಂತ ಸಾಮಾನನ್ನೇ ಕೆಳಗಿಳಿಸುತ್ತಾರಾ?

ಇನ್ನೊಂದು, ಟೊಮೆಟೊ ಏರಿದ ಕೂಡಲೇ ಬಡ್ಡಿ ಏರಿಸಲೇಬೇಕು ಅಂತ ಎಲ್ಲೂ ಬರೆದಿಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರ ಮುಟ್ಟಲಿಲ್ಲ. ಗುರಿಗೆ ಎರಡು ಅಂಶದ ಸಡಿಲ ಕೊಟ್ಟಿರುವುದೇ ಇಂಥ ಹೊತ್ತಿಗೆ. ಸಾಲದವರ ಕಷ್ಟ ನಿಜ. ಆದರೆ 6.5ಕ್ಕೆ ಏರಿದ್ದು ಟೊಮೆಟೊ ದುಬಾರಿಯಾಗುವುದಕ್ಕೆ ಐದು ತಿಂಗಳು ಮೊದಲೇ, ಅಲ್ವಾ?

ಊಟದ ಬೆಲೆ ಊಟಕ್ಕೇ ನಿಲ್ಲುವುದಿಲ್ಲ, ನನಗೆ ಮುಖ್ಯ ಅನಿಸುವುದು ಇದು. ನಮ್ಮ ಬೀದಿಯ ಸಲೂನಿನಲ್ಲಿ ಆ ಮಳೆಗಾಲ ಕಟಿಂಗ್ 100ರಿಂದ 120 ಆಯಿತು. ಕನ್ನಡಿ ಪಕ್ಕ ಹಳೇ ಬೋರ್ಡಿನ ಮೇಲೆ ಚೀಟಿ ಅಂಟಿಸಿದ್ದರು. ‘ಯಾಕಣ್ಣ, ಕತ್ತರಿಗೂ ರೇಟು ಜಾಸ್ತಿಯಾಯ್ತಾ?’ ಅಂದೆ. ‘ಕತ್ತರಿ ಅದೇ ಸರ್, ಮನೆ ಸಾಮಾನು ತರೋಕೆ ಮೊದಲಿನ ದುಡ್ಡು ಸಾಲ್ತಿಲ್ಲ’ ಅಂದರು. ಕಟಿಂಗ್ ಆಹಾರದ ಪಟ್ಟಿಯಲ್ಲಿಲ್ಲ. ಆದರೆ ಅದರ ರೇಟು ಏರಿಸಿದ್ದು ಅಡುಗೆಮನೆ.

ಟೊಮೆಟೊ ಇಳಿಯಿತು. ಚೀಟಿ ಈಗಲೂ ಅಲ್ಲೇ ಇದೆ.