ನನ್ನ ಲಿವರ್ ರಿಪೇರಿ

ಗೆಳೆಯ ಫೋನ್ ಮಾಡಿ ‘ಹೇಗಿದ್ದೀಯೋ’ ಅಂದ. ‘ಲಿವರ್ ಕೈಕೊಟ್ಟಿದೆ ಮಾರಾಯ, ಎರಡು ವಾರದಿಂದ ಕಾಫಿ ಇಲ್ಲ’ ಅಂದೆ. ಆ ಕಡೆ ಸದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ, ‘ಯಾರಿಗೆ ತೋರಿಸ್ತಿದ್ದೀಯ?’ ಎಂದು ಕೇಳಿದ. ‘ಯಾರಿಗೂ ಇಲ್ಲ. ಭಾನುವಾರ ನಾನೇ ಬಿಚ್ಚಿ ನೋಡ್ತೀನಿ. ಸ್ಪಾನರ್ ಇದೆಯಲ್ಲ.’

ಅವನ ಗಾಬರಿ ಇಳಿಸೋಕೆ ಐದು ನಿಮಿಷ ಹಿಡಿಯಿತು. ಕೆಟ್ಟಿದ್ದು ಹೊಟ್ಟೆಯೊಳಗಿನ ಲಿವರ್ ಅಲ್ಲ, ಎಸ್ಪ್ರೆಸೊ ಅನ್ನೋ ಗಟ್ಟಿ ಕಾಫಿ ಇಳಿಸುವ ಯಂತ್ರದ ಲಿವರ್, ಅಂದರೆ ಹಿಡಿಕೆ.

ಈ ಯಂತ್ರದಲ್ಲಿ ಪಂಪ್ ಅನ್ನೋದೇ ಇಲ್ಲ. ನಾವೇ ಪಂಪ್. ಉದ್ದನೆಯ ಹಿಡಿಕೆ ಮೇಲೆತ್ತಿದರೆ ಬಾಯ್ಲರಿನ ಬಿಸಿನೀರು ಕಾಫಿಪುಡಿಯ ಮೇಲಿನ ಸಿಲಿಂಡರಿಗೆ ನುಗ್ಗುತ್ತದೆ. ಕೆಳಗೊತ್ತಿದರೆ ಪಿಸ್ಟನ್ ಆ ನೀರನ್ನು ಪುಡಿಯ ಮೂಲಕ ತಳ್ಳುತ್ತದೆ. ಬಾಯ್ಲರಿನ ಒತ್ತಡ 1 ಬಾರ್ ಆಸುಪಾಸು. ಎಸ್ಪ್ರೆಸೊಗೆ ಬೇಕಾದದ್ದು 9 ಬಾರ್ ಹತ್ತಿರ. ಅಷ್ಟನ್ನು ಹುಟ್ಟಿಸುವುದು ನಮ್ಮ ತೋಳು ಮತ್ತು ಆ ಹಿಡಿಕೆಯ ಉದ್ದ. ಹಾಗಾಗಿ ಕಾಫಿ ಹೇಗೆ ಇಳೀತಿದೆ ಅನ್ನೋದು ನಾಲಿಗೆಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ.

ಮನೆ ಬದಲಿಸುವಾಗ ಯಂತ್ರ ಬಿತ್ತು. ಯಾರ ಕೈಯಿಂದ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಪುಡಿಪುಡಿ. ಬುಡದ ತಗಡು ನೆಗ್ಗಿದೆ. ಹಿಡಿಕೆಯ ಬುಡದ ಪಿನ್ನು ಬಾಗಿದೆ. ಮೊದಲು ಮಲ್ಟಿಮೀಟರ್ ಹಿಡಿದು ಹೀಟರ್ ನೋಡಿದೆ. 230 ವೋಲ್ಟಿನ 1000 ವ್ಯಾಟ್ ಕಾಯಿಲ್ ಅಂದರೆ ರೋಧ 53 ಓಮ್ ಹತ್ತಿರ ಬರಬೇಕು. 52 ಬಂತು. ಹೋದ ಜೀವ ಬಂದ ಹಾಗಾಯಿತು. ಅದೂ ಹೋಗಿದ್ದರೆ ಯಂತ್ರವನ್ನು ಹೂಕುಂಡ ಮಾಡೋಣ ಅಂತ ಮನೆಯವರು ಆಗಲೇ ಜಾಗ ಗುರುತಿಸಿಟ್ಟಿದ್ದರು.

ಬಾಗಿದ ಪಿನ್ನು ತೆಗೆಯಲು ಬಿಚ್ಚಿದವನು, ಹೇಗೂ ಬಿಚ್ಚಿದ್ದೇನಲ್ಲ ಅಂತ ಪಿಸ್ಟನ್ನನ್ನೂ ಹೊರಗೆಳೆದೆ. ನಿಜವಾದ ರೋಗ ಕಂಡಿದ್ದು ಆಗ. ಪಿಸ್ಟನ್ನಿನ ಸುತ್ತ ಎರಡು ರಬ್ಬರ್ ಸೀಲ್ ಇರುತ್ತವೆ. ಮೆತ್ತಗೆ ಇರಬೇಕಾದ ಅವು ಹಳೇ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿ, ಉಗುರು ತಾಗಿಸಿದರೆ ಚೂರು ಉದುರುತ್ತಿತ್ತು. ಅಂದರೆ ನೀರು ಪಿಸ್ಟನ್ನಿನ ಪಕ್ಕದಿಂದ ನುಣುಚಿಕೊಂಡು ಮೇಲೆ ಹೋಗ್ತಿತ್ತು. ಒಂದು ವರ್ಷದಿಂದ ಕಾಫಿ ತೆಳ್ಳಗಾಗ್ತಿದೆ ಅಂತ ನಾನು ಪುಡಿಯನ್ನು ಬೈದಿದ್ದೆ, ಬೀಜವನ್ನು ಬೈದಿದ್ದೆ, ಇನ್ನೂ ನುಣ್ಣಗೆ ಬೀಸಿದ್ದೆ. ಹಿಡಿಕೆ ದಿನಕ್ಕಿಷ್ಟು ಸಡಿಲವಾಗ್ತಾ ಹೋದದ್ದನ್ನು ಕೈ ದಿನಾ ಒಪ್ಪಿಕೊಂಡುಬಿಟ್ಟಿತ್ತು. ಅಂಗೈಗೆ ಎಲ್ಲ ಗೊತ್ತಾಗುತ್ತೆ ಅಂತ ಮೇಲೆ ಕೊಚ್ಚಿಕೊಂಡೆನಲ್ಲ, ಅದನ್ನು ಸ್ವಲ್ಪ ತಿದ್ದಿಕೊಂಡು ಓದಿ. ಬಿದ್ದದ್ದೇ ಒಳ್ಳೇದಾಯಿತು ಅಂತ ಮನೆಯಲ್ಲಿ ಹೇಳೋಕೆ ಮಾತ್ರ ಧೈರ್ಯ ಬರಲಿಲ್ಲ.

ಹಳೇ ಸೀಲ್ ಕೀಳುವುದೇ ಒಂದು ತಪಸ್ಸು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಲೋಹಕ್ಕೆ ಗೀರು ಬೀಳುತ್ತೆ, ಆಮೇಲೆ ಆ ಗೀರೇ ನೀರಿಗೆ ದಾರಿ. ಹಲ್ಲುಕಡ್ಡಿ ಸಾಕು. ಒಂದು ಡಬ್ಬಿ ಹಲ್ಲುಕಡ್ಡಿ, ಒಂದು ಮಧ್ಯಾಹ್ನ. ಬಾಯ್ಲರಿನೊಳಗೆ ಗಡಸು ನೀರು ಬಿಟ್ಟುಹೋದ ಸುಣ್ಣ ಕಟ್ಟಿತ್ತು. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಕರಗಿಸಿದ ಬಿಸಿನೀರು ಹೊಯ್ದು ಕಿವಿ ಇಟ್ಟರೆ ಸೊರ್ ಅಂತ ಸಣ್ಣ ಸದ್ದು. ಸುಣ್ಣವೆಲ್ಲ ಗುಳ್ಳೆಯಾಗಿ ಏಳುವ ಸದ್ದು. ಅದನ್ನು ಕೇಳ್ತಾ ಎಷ್ಟು ಹೊತ್ತು ಕೂತಿದ್ದೆನೋ. ತಗಡಿನ ನೆಗ್ಗು ತೆಗೀತೀನಿ ಅಂತ ಮರದ ಸುತ್ತಿಗೆ ಹಿಡಿದದ್ದು ಮಾತ್ರ ಬೇಡವಾಗಿತ್ತು. ಒಂದಿದ್ದದ್ದು ಮೂರಾಯಿತು.

ಇಂಥ ಹಿಡಿಕೆಗಳನ್ನು ಜನಪ್ರಿಯ ಮಾಡಿದವನು ಇಟಲಿಯ ಮಿಲಾನ್ ನಗರದ ಅಖಿಲೆ ಗಾಜಿಯಾ. 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಅವನ ಲಿವರ್ ಯಂತ್ರ ಮಾರುಕಟ್ಟೆಗೆ ಬಂತು. ಅದರಲ್ಲಿ ಕೈ ಸ್ಪ್ರಿಂಗನ್ನು ಬಿಗಿ ಮಾಡುತ್ತೆ, ಸ್ಪ್ರಿಂಗು ನೀರನ್ನು ಒತ್ತುತ್ತೆ. ಅದಕ್ಕೂ ಮೊದಲು ಆವಿಯೇ ನೀರನ್ನು ನೂಕುತ್ತಿತ್ತು, ಒತ್ತಡ ತೀರಾ ಕಮ್ಮಿ. ಒತ್ತಡ ಏರಿದ್ದೇ ತಡ, ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಟ್ಟಿತು. ಕ್ರೆಮಾ ಅಂತಾರೆ. ಇವತ್ತು ಗುಂಡಿ ಅದುಮಿ ಕಾಫಿ ಮಾಡುವವರೂ ಒಂದು ಸಲಕ್ಕೆ ಇಳಿಸುವ ಕಾಫಿಗೆ ‘ಶಾಟ್ ಎಳೀತೀನಿ’ ಅಂತಲೇ ಹೇಳ್ತಾರೆ. ಎಳೆಯೋಕೆ ಅಲ್ಲಿ ಏನೂ ಇಲ್ಲ, ಮಾತಿನಲ್ಲಿ ಹಿಡಿಕೆ ಉಳಿದಿದೆ.

ಹೊಸ ಸೀಲ್ ಹಾಕಿ, ಆಹಾರಕ್ಕೆ ತಾಗಬಹುದಾದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ, ಗಾಜಿನ ಕೊಳವೆ ಕೂರಿಸಿ, ಯಂತ್ರ ಕಾಯಿಸಿದೆ. ಒತ್ತಡ ಏರಿತು. ಹಿಡಿಕೆ ಎತ್ತಿ ಒತ್ತಿದೆ. ವಾಷರ್ ಹೋದ ಸೈಕಲ್ ಪಂಪಿನ ಹಾಗೆ ಸುಮ್ನೆ ಇಳಿಯಿತು. ಕಪ್ಪಿಗೆ ನಾಲ್ಕು ಹನಿ.

ಇಂಥ ಹೊತ್ತಲ್ಲಿ ಸಿಟ್ಟಿನಿಂದ ಬಾಯ್ಲರಿನ ಮುಚ್ಚಳ ತಿರುಗಿಸೋಕೆ ಹೋಗಬಾರದು. ಒಳಗಿರುವುದು 120 ಡಿಗ್ರಿಯ ನೀರು. ಸ್ವಿಚ್ ಆರಿಸಿ, ಆವಿ ಬಿಟ್ಟು, ತಣ್ಣಗಾಗೋ ತನಕ ಸುಮ್ಮನಿರಬೇಕು. ಆ ಒಂದು ಗಂಟೆಯಲ್ಲಿ ಹೊಳೆಯಿತು. ಈ ಸೀಲಿಗೆ ಒಂದು ತುಟಿ ಇರುತ್ತೆ. ಒತ್ತಡ ಬರುವ ಕಡೆಗೆ ತುಟಿ ಇರಬೇಕು. ಆಗ ನೀರು ಒತ್ತಿದಷ್ಟೂ ತುಟಿ ಅರಳಿ ಸಿಲಿಂಡರಿನ ಗೋಡೆಗೆ ಅಪ್ಪಿಕೊಳ್ಳುತ್ತೆ. ತಿರುಗಿಸಿ ಹಾಕಿದರೆ ನೀರಿಗೇ ಬಾಗಿಲು ತೆರೆದು ಕೂತಂತೆ. ಕೆಳಗಿನದನ್ನು ನಾನು ತಲೆಕೆಳಗಾಗಿ ಹಾಕಿದ್ದೆ.

ಮತ್ತೆ ಬಿಚ್ಚಿದೆ, ತಿರುಗಿಸಿದೆ, ಜೋಡಿಸಿದೆ. ಈ ಸಲ ಹಿಡಿಕೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಕೈಗೆ ಎದುರಾಗಿ ಏನೋ ಗಟ್ಟಿಯಾಗಿ ಕೂತಂತೆ. ಯಂತ್ರ ಮುಗ್ಗರಿಸದಂತೆ ಎಡಗೈಯಲ್ಲಿ ಹಿಡಿದು ಬಲಗೈ ಭಾರ ಬಿಟ್ಟೆ. ಇಲಿಬಾಲದಷ್ಟು ಸಣ್ಣಗೆ, ಕಡುಕಂದು ಧಾರೆ ಇಳಿಯತೊಡಗಿತು.

ರೋಗಿಯನ್ನು ನೋಡೋಕೆ ಗೆಳೆಯ ಬಂದ. ಆವಿಯ ನಲ್ಲಿಯಿಂದ ನಿಮಿಷಕ್ಕೊಂದು ಹನಿ ಬೀಳ್ತಿತ್ತು. ‘ಸೋರ್ತಿದೆಯಲ್ಲೋ’ ಅಂತ ಅವನು ಮೊದಲು ನೋಡಿದ್ದೇ ಅದನ್ನು. ನಾನು ಮಾತಾಡದೆ ಹಿಡಿಕೆ ಅವನ ಕೈಗೆ ಕೊಟ್ಟೆ. ಒತ್ತಿದ. ಹುಬ್ಬು ಮೇಲೇರಿತು. ಇನ್ನೊಂದು ಕೇಳಿದ, ಕೊಟ್ಟೆ. ಮೂರನೆಯದಕ್ಕೂ ಕೈ ಚಾಚಿದಾಗ, ಬೇಡ, ಈ ಸಣ್ಣ ಯಂತ್ರಗಳ ತಲೆ, ಅಂದರೆ ಪಿಸ್ಟನ್ ಇರೋ ಭಾಗ, ಬೇಗ ಕಾಯುತ್ತೆ, ಕಾಫಿ ಕಹಿಯಾಗುತ್ತೆ ಅಂದೆ. ಅವನು ಆಗಲೇ ಒತ್ತಿಯಾಗಿತ್ತು. ಸುಟ್ಟ ವಾಸನೆ ಬಂತು. ಕುಡಿಯೋಕೇನೂ ಅಲ್ಲ ಅಂದ, ಹಿಡಿಕೆ ಬಿಡದೆ.