ಮಹಡಿ ಹೆಚ್ಚಾದರೆ ಬೀದಿ ಹಾಳಾಗುತ್ತದೆಯೇ?

ಹಾಸನದಲ್ಲಿ ಎತ್ತರದ ಕಟ್ಟಡದ ಮಾತು ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತದೆ: ಮಹಡಿ ಜಾಸ್ತಿಯಾದಷ್ಟೂ ಜನ ಜಾಸ್ತಿ, ಬೀದಿ ಹಾಳು. ಊರಿನ ಮೇಲಿನ ಕಾಳಜಿಯಿಂದಲೇ ಜನ ಇದನ್ನು ಕಳಿಸುತ್ತಾರೆ. ಆದರೆ ಲೆಕ್ಕ ತಪ್ಪು.

ಒಂದು ಸೈಟಿನಲ್ಲಿ ಒಟ್ಟು ಎಷ್ಟು ಕಟ್ಟಬಹುದು ಅನ್ನುವುದಕ್ಕೆ ಎಫ್‌ಎಆರ್ ಎಂಬ ಮಿತಿ ಇದೆ. 10,000 ಚದರ ಅಡಿ ಸೈಟಿಗೆ ಎಫ್‌ಎಆರ್ 2 ಅಂದರೆ 20,000 ಚದರ ಅಡಿ. ತಲಾ 5,000 ಚದರ ಅಡಿಯ 4 ಮಹಡಿ ಕಟ್ಟಿದರೂ, ತಲಾ 2,500 ಚದರ ಅಡಿಯ 8 ಮಹಡಿ ಕಟ್ಟಿದರೂ ಒಳಗಿನ ಜಾಗ ಅಷ್ಟೇ ಅಲ್ವಾ? ಎರಡನೆಯದರಲ್ಲಿ ಸುತ್ತ ನೆಲ ಜಾಸ್ತಿ ಉಳಿಯುತ್ತದೆ. ಎತ್ತರ ಕಡಿಮೆ ಇದ್ದರೆ ಜನ ಕಡಿಮೆ ಅಂತಲೂ ಅಲ್ಲ: ಪ್ಯಾರಿಸ್‌ನಲ್ಲಿ ಬಹುತೇಕ ಕಟ್ಟಡಗಳು 6-7 ಮಹಡಿಯವು. ಆದರೂ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 20,000 ಜನರಿದ್ದಾರೆ.

ಬೀದಿ ಹಾಳಾಗುವುದು ನೆಲಮಟ್ಟದಲ್ಲಿ. ಕೆಳಗೆ ಪೂರ್ತಿ ಪಾರ್ಕಿಂಗ್, ಬಾಗಿಲೇ ಇಲ್ಲದ ಉದ್ದ ಗೋಡೆ, ಫುಟ್‌ಪಾತ್ ನುಂಗಿದ ರ‍್ಯಾಂಪ್. ಟೇಪ್ ಹಿಡಿದು ಬಿ.ಎಂ. ರಸ್ತೆಯಲ್ಲಿ ನಡೆದು ನೋಡಿ. ದೇಶದ ಮಾನದಂಡದಂತೆ ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು.

ಇಂಥ ಮೆಸೇಜ್ ಬಂದರೆ ಊರಿನ ಮಾಸ್ಟರ್ ಪ್ಲಾನ್ ತೆಗೆದು ನೋಡಿ. ಕಟ್ಟಡ ಬರುವ ರಸ್ತೆಗೆ ಎಫ್‌ಎಆರ್ ಎಷ್ಟು, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಎಷ್ಟು ಅಂತ ಆ ಪ್ಲಾನ್ ಮಾಡಿದ ಕಚೇರಿಯಲ್ಲಿ ಕೇಳಿ. ಹೇಳದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು.