ವೇಳೆಗೊಂದು ಕಾಲಂ ಇಲ್ಲದ ಊರು

ಮಗಳು ಹುಟ್ಟಿದ ಮೇಲೆ ಇಲ್ಲಿ, ಎಡಿನ್‌ಬರೋದಲ್ಲಿ, ನೋಂದಣಿಗೆ ಹೋಗಿದ್ದೆವು. ರಿಜಿಸ್ಟ್ರಾರ್ ಹುಟ್ಟಿದ ದಿನ ಕೇಳಿದರು. ಹಿಂದೆಯೇ ಗಂಟೆ, ನಿಮಿಷ ಕೇಳಿದರು. ಎಲ್ಲ ಮಕ್ಕಳಿಗೂ ಬರೆಯುತ್ತೀರಾ ಅಂದೆ. ಎಲ್ಲರಿಗೂ, ಅಂದರು. ಸ್ಕಾಟ್ಲೆಂಡಿನಲ್ಲಿ 1855ರಿಂದ ನೋಂದಣಿ ಕಡ್ಡಾಯ, ಹುಟ್ಟಿದ ವೇಳೆಯೂ ಆ ಪುಸ್ತಕದಲ್ಲಿ ಸೇರುತ್ತದೆ. ಮದುವೆಗೆ ಲಗ್ನ ಕುಂಡಲಿ ನೋಡುವ ಪದ್ಧತಿಯೇ ಇಲ್ಲದ ಜನ ನಿಮಿಷ ಬರೆದಿಡುತ್ತಾರೆ. ಆ ಪ್ರತಿ ಕೈಗೆ ಬಂದಾಗ ಆದ ಸಂತೋಷ, ತಮ್ಮನ ವಿಷಯಕ್ಕೆ ಬೆಂಗಳೂರಿಗೆ ಫೋನು ಹಚ್ಚಿದಾಗ ಸಿಟ್ಟಾಗಿ ತಿರುಗಿತು.

ತಮ್ಮನಿಗೆ ಮಲ್ಲೇಶ್ವರದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗಿಗೂ ಅವನಿಗೂ ಮಾತುಕತೆ ಆಗಿದೆ, ಒಪ್ಪಿಗೆಯೂ ಆಗಿದೆ. ಉಳಿದಿರುವುದು ಜಾತಕ. ಅವನು ಹುಟ್ಟಿದ್ದು 1987ರ ಕಾರ್ತಿಕದಲ್ಲಿ, ಬಸವನಗುಡಿಯ ಒಂದು ನರ್ಸಿಂಗ್ ಹೋಮಿನಲ್ಲಿ. "ಆರೂವರೆ ಇರಬೇಕು, ಆಗತಾನೇ ಬೆಳಕು ಹರಿದಿತ್ತು" ಎನ್ನುತ್ತಾಳೆ ಅಮ್ಮ. ಪಾಲಿಕೆಯ ಪ್ರಮಾಣಪತ್ರದಲ್ಲಿ ದಿನಾಂಕ ಇದೆ, ಸ್ಥಳ ಇದೆ, ಅಪ್ಪ ಅಮ್ಮನ ಹೆಸರಿದೆ. ವೇಳೆಗೆ ಕಾಲಮ್ಮೇ ಇಲ್ಲ. ನರ್ಸಿಂಗ್ ಹೋಮಿನವರು ಅಷ್ಟು ಹಳೆಯ ಕೇಸ್ ಶೀಟ್ ಇಲ್ಲ ಅಂದರು. ವೈದ್ಯರು ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು ಎಂದೇ ನಿಯಮ ಇರುವಾಗ ಅವರನ್ನು ಏನಂತ ಕೇಳುವುದು?

"ಸ್ವಲ್ಪ ಹೆಚ್ಚು ಕಮ್ಮಿ ಆದರೇನು" ಅನ್ನುವವರಿಗೆ ಅದರ ಬಿಸಿ ತಟ್ಟಿಲ್ಲ. ಆ ದಿನ ಸೂರ್ಯ ತುಲಾ ರಾಶಿಯ ಕೊನೆಯಲ್ಲಿದ್ದ. ಬೆಂಗಳೂರಿನಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯೋದಯ, ಅದಾಗಿ ಇಪ್ಪತ್ತು ನಿಮಿಷದೊಳಗೆ ತುಲಾ ಲಗ್ನ (ಲಗ್ನವೆಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ) ಮುಗಿದು ವೃಶ್ಚಿಕ ಶುರು. ಕುಜ ಕನ್ಯೆಯಲ್ಲಿದ್ದಾನೆ. ತುಲಾ ಲಗ್ನವಾದರೆ ಅಲ್ಲಿಂದ ಎಣಿಸಿ ಅದು ಹನ್ನೆರಡನೆಯ ಮನೆ, ಅಂದರೆ ಮದುವೆಗೆ ಅಡ್ಡಿ ಎನ್ನುವ ಕುಜ ದೋಷ. ವೃಶ್ಚಿಕವಾದರೆ ಹನ್ನೊಂದು, ಲಾಭಸ್ಥಾನ, ದೋಷದ ಮಾತೇ ಇಲ್ಲ. ಅಮ್ಮನ ಆರೂವರೆ ಹಿಡಿದರೆ ಸಂಬಂಧ ಮುರಿಯುತ್ತದೆ; ಒಂದರ್ಧ ಗಂಟೆ ಮುಂದೆ ಹೋದರೆ ಕೂಡುತ್ತದೆ. ದೆಸೆಯ, ಅಂದರೆ ಒಂದೊಂದು ಗ್ರಹ ಸರದಿಯಂತೆ ಆಳುವ ಕಾಲದ, ಲೆಕ್ಕವೂ ಅಷ್ಟೇ. ಹುಟ್ಟುವಾಗ ಚಂದ್ರ ತನ್ನ ನಕ್ಷತ್ರದಲ್ಲಿ ಎಷ್ಟು ದಾಟಿದ್ದಾನೋ ಮೊದಲ ದೆಸೆಯಲ್ಲಿ ಅಷ್ಟು ಪಾಲು ಕಳೆದಂತೆ. ಚಂದ್ರ ಒಂದು ನಕ್ಷತ್ರ ದಾಟುವುದಕ್ಕೆ ಸುಮಾರು ಒಂದು ದಿನ ಬೇಕು. ಭರಣಿಯಲ್ಲಿ ಹುಟ್ಟಿದವರಿಗೆ ಶುಕ್ರದೆಸೆ 20 ವರ್ಷ, ಹುಟ್ಟಿದ ವೇಳೆ ಒಂದು ಗಂಟೆ ತಪ್ಪಿದರೆ ದೆಸೆ ಹತ್ತು ತಿಂಗಳು ತಪ್ಪುತ್ತದೆ.

ಜಾತಕ ನಂಬಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ನಂಬುವ ಊರಿನಲ್ಲೇ ಅದಕ್ಕೆ ಬೇಕಾದ ಒಂದೇ ಒಂದು ಅಂಕಿಯನ್ನು ಯಾರೂ ಬರೆದಿಡುವುದಿಲ್ಲವಲ್ಲ, ನನ್ನ ತಕರಾರು ಅದು. ಬಿ.ವಿ. ರಾಮನ್ ಅವರಂಥವರು ದಶಕಗಳ ಕಾಲ ಜ್ಯೋತಿಷ ಪತ್ರಿಕೆ ನಡೆಸಿದ ಬೆಂಗಳೂರು ಇದು! ನಮ್ಮಲ್ಲಿ 1969ರಿಂದ ಕಾಯ್ದೆ ಇದೆ, ಜನನವನ್ನು 21 ದಿನದೊಳಗೆ ತಿಳಿಸಬೇಕು. ಸ್ಕಾಟ್ಲೆಂಡಿನಲ್ಲೂ ಅದೇ 21 ದಿನ. ಇನ್ನೊಂದು ಸಾಲು ಸೇರಿಸಲು ಏನು ಕಷ್ಟ?

ಆಸ್ಪತ್ರೆಗೆ ಹೋಗಿ ಹೆರುವುದು ಶುರುವಾದ ಮೇಲೆ ನಾವು ಇದನ್ನು ಕೈಬಿಟ್ಟೆವು ಅನಿಸುತ್ತದೆ. ನಮ್ಮ ಅತ್ತೆ ಹುಟ್ಟಿದ್ದು 1944ರಲ್ಲಿ, ಮನೆಯಲ್ಲೇ. ತಾತ ಬಾಗಿಲ ಹೊರಗೆ ನಿಂತು ಸೂಲಗಿತ್ತಿಯ ಕೂಗಿಗೆ ಕಾದು, ಸೂರ್ಯೋದಯದಿಂದ ಇಷ್ಟು ಘಳಿಗೆ, ಇಷ್ಟು ವಿಘಳಿಗೆ ಎಂದು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟರು. ವಿಘಳಿಗೆಯೆಂದರೆ 24 ಸೆಕೆಂಡು. ಯುದ್ಧದ ಕಾರಣಕ್ಕೆ ಆಗ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿದ್ದರು, 1942ರಿಂದ 1945ರವರೆಗೆ. ಸೂರ್ಯೋದಯದಿಂದ ಎಣಿಸಿದ್ದರಿಂದ ಅತ್ತೆಯ ಜಾತಕ ಕೆಡಲಿಲ್ಲ. ಅಷ್ಟು ಎಚ್ಚರ ಇದ್ದ ಮನೆಯಲ್ಲಿ ನಲವತ್ತು ವರ್ಷ ಕಳೆಯುವಷ್ಟರಲ್ಲಿ "ಆರೂವರೆ ಇರಬೇಕು" ಎಂಬಲ್ಲಿಗೆ ಬಂದೆವು.

ಕೊನೆಗೆ ದಾರಿ ತೋರಿಸಿದ್ದು ತುಮಕೂರಿನಲ್ಲಿರುವ ಚಿಕ್ಕಮ್ಮ. ಆವತ್ತು ಆಸ್ಪತ್ರೆಯಲ್ಲಿ ಅಮ್ಮನ ಜೊತೆಗಿದ್ದವಳು ಅವಳೇ. "ಆರೂವರೆ ಎಲ್ಲಿ ಬಂತೋ? ವಾಚ್‌ಮನ್ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ ಬರ್ತಿತ್ತು. ಮಗು ಅತ್ತಿದ್ದು ಕೇಳಿ ಎದ್ದು ಓಡಿದೆ, ಇನ್ನೂ ವಾರ್ತೆ ಮುಗಿದಿರಲಿಲ್ಲ" ಅಂದಳು. ಆಕಾಶವಾಣಿಯ ಸಂಸ್ಕೃತ ವಾರ್ತೆ ಬೆಳಿಗ್ಗೆ 6.55ಕ್ಕೆ, ಐದೇ ನಿಮಿಷ. ವೃಶ್ಚಿಕ ಲಗ್ನ, ಅನುಮಾನವೇ ಇಲ್ಲ.

ಇದಕ್ಕೆ ಕಾಗದ ಎಲ್ಲಿ ಅಂತ ಹುಡುಗಿಯ ಮನೆಯವರು ಕೇಳಿಯಾರು ಎಂದು ಹೆದರಿದ್ದೆ. ಹುಡುಗಿಯ ತಾತ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡಿದರು. "ನೀವು ಅಲ್ಲೇ ಇದ್ದಿರಲ್ಲಮ್ಮ, ಅಷ್ಟು ಸಾಕು" ಅಂದರಂತೆ. ಈ ದೇಶದಲ್ಲಿ ಯಾವ ಕಚೇರಿಯೂ ಅಷ್ಟಕ್ಕೆ ಒಪ್ಪುವುದಿಲ್ಲ, ಅದನ್ನು ನಾನು ಒಪ್ಪಲೇಬೇಕು. ಪಕ್ಕದ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳಾದರೆ ಮಾತ್ರ ವೇಳೆ ಬರೆಯುತ್ತಾರೆ ಎಂಬುದನ್ನೂ ಹೇಳಬೇಕು. ನನ್ನ ಮಗಳ ನಿಮಿಷವೂ ಹೆರಿಗೆ ಮಾಡಿಸಿದ ದಾದಿ ಗೋಡೆಯ ಗಡಿಯಾರ ನೋಡಿ ಹೇಳಿದ್ದೇ.

ಆದರೂ ಎಲ್ಲರಿಗೂ ಇಂಥ ಚಿಕ್ಕಮ್ಮ ಇರುವುದಿಲ್ಲ. ಈಗ ಆಸ್ಪತ್ರೆಯಲ್ಲಿ ರೇಡಿಯೋವೂ ಕೇಳಿಸುವುದಿಲ್ಲ. ಬೆಂಗಳೂರಿನಲ್ಲಿ ಈ ವರ್ಷ ಮಗುವಾಗುವವರು ಡಿಸ್ಚಾರ್ಜ್ ಸಮ್ಮರಿಯಲ್ಲಿ ಗಂಟೆ, ನಿಮಿಷ ಬರೆದಿದೆಯೇ ಎಂದು ಮನೆಗೆ ಹೊರಡುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಕೂತು ಬರೆಸಿಕೊಳ್ಳಿ. ಸರ್ಕಾರ ಆ ಕಾಲಂ ಸೇರಿಸುವವರೆಗೆ ಬೇರೆ ದಾರಿ ಇಲ್ಲ.